ಸೈಕಲ್ ತುಳಿಯುವ ಕಾಲಿಗೆ ಎಂಥ ಪ್ಯಾಂಟು?

ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ನಿಮ್ಮೂರಿನ ಹೈಸ್ಕೂಲು ರಸ್ತೆಯಲ್ಲಿ ಒಂದೈದು ನಿಮಿಷ ನಿಂತು ನೋಡಿ. ಸಾಲಾಗಿ ಸೈಕಲ್ ಮೇಲೆ ಬರುವ ಹುಡುಗಿಯರಲ್ಲಿ ಒಬ್ಬಳು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ದುಪಟ್ಟಾ ಹಿಡಿದಿರುತ್ತಾಳೆ. ಇನ್ನೊಬ್ಬಳು ಚೈನಿಗೆ ಸಿಕ್ಕಿಕೊಂಡ ಪ್ಯಾಂಟಿನ ಅಂಚು ಬಿಡಿಸಿಕೊಳ್ಳಲು ರಸ್ತೆ ಬದಿಯಲ್ಲಿ ಬಗ್ಗಿರುತ್ತಾಳೆ. ಮತ್ತೊಬ್ಬಳು ಹತ್ತು ಮಾರಿಗೊಮ್ಮೆ ಬೆನ್ನ ಹಿಂದೆ ಕೈಹಾಕಿ ಟಾಪ್ ಎಳೆದುಕೊಳ್ಳುತ್ತಾಳೆ. ಸೈಕಲ್ ಚೆನ್ನಾಗಿಯೇ ಇದೆ, ತುಳಿಯುವ ಕಾಲೂ ಗಟ್ಟಿಯಾಗಿದೆ. ತೊಂದರೆ ಇರುವುದು ತೊಟ್ಟ ಬಟ್ಟೆಯಲ್ಲಿ.

"ಅಯ್ಯೋ, ಅದೇನು ಮಹಾ ವಿಷಯಾರೀ! ಮನೇಲಿರೋದು ಯಾವುದೋ ಒಂದು ಹಾಕ್ಕೊಂಡು ಹೋದರಾಯ್ತು" ಅಂತೀರಾ? ಹಾಗೆ ತಳ್ಳಿಹಾಕಬೇಡಿ. ನಡುರಸ್ತೆಯಲ್ಲಿ ಹೊಲಿಗೆ ಬಿಟ್ಟು ನಾಚಿಕೆಪಟ್ಟ ಹುಡುಗಿ ಮರುದಿನ "ಅಮ್ಮಾ, ನಾನು ಸೈಕಲ್ ತಗೊಂಡು ಹೋಗಲ್ಲ" ಅನ್ನುತ್ತಾಳೆ. ಯಾಕೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಸೈಕಲ್ ಹಿತ್ತಲ ಗೋಡೆಗೆ ಒರಗುತ್ತದೆ. ಬಸ್ಸು ತಪ್ಪಿದ ದಿನ ಪಾಠವೂ ತಪ್ಪುತ್ತದೆ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ತೊಡಗಿದ್ದು ನಿಮಗೆ ನೆನಪಿರಬಹುದು. ಅದೇ 2006ರಲ್ಲಿ ಬಿಹಾರದಲ್ಲೂ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದರ ಫಲವೇನೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿದ್ದು ಕಂಡುಬಂತು. ಎರಡು ಚಕ್ರಕ್ಕೆ ಇಷ್ಟು ಶಕ್ತಿ ಇರುವಾಗ, ಆ ಚಕ್ರ ಎರಡು ಗೇಣು ಬಟ್ಟೆಯ ದೆಸೆಯಿಂದ ನಿಲ್ಲಬಾರದಲ್ಲವೇ?

ಹುಡುಗಿಯರ ಮಾತು ಮಾತ್ರವಲ್ಲ, ನಿಮ್ಮ ಮಾತೂ ಹೌದು. ಸಂತೆಗೆ, ಬ್ಯಾಂಕಿಗೆ, ಹೊಲಿಗೆ ತರಗತಿಗೆ ಹೋಗಲು "ಯಾರಾದರೂ ಬಿಟ್ಟು ಬರಲಿ" ಎಂದು ಕಾಯುತ್ತಾ ಕೂತ ಗೃಹಿಣಿ ಮೂವತ್ತೈದಕ್ಕೋ ನಲವತ್ತಕ್ಕೋ ಸೈಕಲ್ ಕಲಿತರೆ ತಪ್ಪೇನು? 1990ರ ದಶಕದ ಆರಂಭದಲ್ಲಿ ಪಕ್ಕದ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು.

ಕಾಲು ಸರಾಗವಾಗಿ ಆಡುವ ಉಡುಪು ಬೇಕೆಂಬುದು ಹೊಸ ಬಯಕೆಯೇನಲ್ಲ. ಅಮೆರಿಕದಲ್ಲಿ ಅಮೆಲಿಯಾ ಬ್ಲೂಮರ್ ಎಂಬಾಕೆ 1851ರಲ್ಲಿ ಗಿಡ್ಡ ಲಂಗದ ಕೆಳಗೆ ಸಡಿಲ ಷರಾಯಿ ತೊಡುವುದನ್ನು ತಮ್ಮ ಪತ್ರಿಕೆಯಲ್ಲಿ ಬೆಂಬಲಿಸಿದಾಗ ಜನ ಆಡಿಕೊಂಡು ನಕ್ಕರು. ನಲವತ್ತು ವರ್ಷ ಕಳೆದು ಸೈಕಲ್ ಬಂದಾಗ ಅದೇ ಷರಾಯಿ ಹೆಂಗಸರ ನೆರವಿಗೆ ಬಂತು. ದೂರವೇಕೆ, ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಕಚ್ಚೆ ಹಾಕಿ ಸೀರೆ ಉಟ್ಟು ಹೊಲದಲ್ಲಿ ದುಡಿದವರಲ್ಲವೇ? ಅದರ ಹಿಂದಿದ್ದ ಜಾಣ್ಮೆಯೂ ಇದೇ.

ಪ್ಯಾಂಟು ಸವೆಯುವುದು ಎಲ್ಲಿ?

ಒಂದು ಸಣ್ಣ ಲೆಕ್ಕ ಹಾಕೋಣ. ಮಾಮೂಲಿ ಸೈಕಲ್ಲಿನಲ್ಲಿ ಒಂದು ಕಿಲೋಮೀಟರು ಹೋಗಲು ಪೆಡಲನ್ನು ಸುಮಾರು 200 ಸುತ್ತು ತುಳಿಯಬೇಕು. ಶಾಲೆ ಮೂರು ಕಿಲೋಮೀಟರು ದೂರವಿದ್ದರೆ ಹೋಗಿ ಬರುವಷ್ಟರಲ್ಲಿ 1,200 ಸುತ್ತು. ಅಂದರೆ ದಿನಕ್ಕೆ 1,200 ಸಲ ತೊಡೆಯ ಒಳಭಾಗ ಸೀಟಿಗೆ ಉಜ್ಜುತ್ತದೆ! ಹೊಸ ಪ್ಯಾಂಟು ಆರು ತಿಂಗಳಿಗೇ ತೊಡೆಯ ಸಂದಿಯಲ್ಲಿ ಜಾಳಾಯಿತೆಂದು ಮಗಳನ್ನು ಬಯ್ಯುವ ಮುನ್ನ ಈ ಲೆಕ್ಕ ನೆನೆಯಿರಿ.

ಸವೆಯುವ ಜಾಗ ಮುಖ್ಯವಾಗಿ ಮೂರು. ಒಂದು, ಕೂರುವ ಭಾಗ ಮತ್ತು ಒಳತೊಡೆ. ಎರಡು, ಎರಡೂ ಕಾಲು ಬಂದು ಸೇರುವ ಕಡೆ ನಾಲ್ಕು ಹೊಲಿಗೆ ಕೂಡುವ ಬಿಂದು. ಅಲ್ಲಿ ಎಳೆತ ಹೆಚ್ಚು, ಹೊಲಿಗೆ ಬಿಡುವುದೂ ಅಲ್ಲೇ. ಮೂರು, ಬಲಗಾಲಿನ ಅಂಚು, ಏಕೆಂದರೆ ಚೈನು ಇರುವುದು ಬಲಗಡೆ. ಈ ಮೂರನ್ನು ಸರಿಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಬಟ್ಟೆ ಆರಿಸುವಾಗ

ದೋಸೆ ಹಿಟ್ಟಿಗೆ ಅಕ್ಕಿ ಉದ್ದಿನ ಹದ ನೋಡುವ ಹಾಗೆ ಬಟ್ಟೆಯಲ್ಲೂ ನೂಲಿನ ಹದ ನೋಡಬೇಕು. ಬರೀ ಹತ್ತಿ ಬೆವರು ಹೀರುತ್ತದೆ, ಮೈಗೆ ಹಿತ, ಆದರೆ ತೆಳು ಹತ್ತಿ ಬೇಗ ಸವೆಯುತ್ತದೆ. ಬರೀ ಪಾಲಿಯೆಸ್ಟರ್ ಹರಿಯುವುದಿಲ್ಲ, ಆದರೆ ಬಿಸಿಲಿನಲ್ಲಿ ಬೆಂದಂತಾಗುತ್ತದೆ. ಎರಡೂ ಬೆರೆತದ್ದು ದಿನಬಳಕೆಗೆ ಒಳ್ಳೆಯದು. ಬೆವರು ಜಾಸ್ತಿ ಅನ್ನುವವರು ಹತ್ತಿಯ ಪಾಲು ಹೆಚ್ಚಿರುವುದನ್ನು ಕೇಳಿ ತೆಗೆದುಕೊಳ್ಳಿ. ಮಳೆಗಾಲ ಜೋರಾಗಿರುವ ಮಲೆನಾಡು, ಕರಾವಳಿಯವರು ಬೇಗ ಒಣಗುವ ಪಾಲಿಯೆಸ್ಟರ್ ಪಾಲು ಸ್ವಲ್ಪ ಹೆಚ್ಚಿರುವುದನ್ನು ಕೊಂಡರೂ ನಡೆದೀತು.

ನೂಲಿನಷ್ಟೇ ಮುಖ್ಯ ನೇಯ್ಗೆ. ಬಟ್ಟೆಯನ್ನು ಹತ್ತಿರ ಹಿಡಿದು ನೋಡಿದಾಗ ಓರೆಯಾಗಿ ಸಣ್ಣ ಸಣ್ಣ ಗೆರೆ ಕಂಡರೆ ಅದು ಟ್ವಿಲ್ ನೇಯ್ಗೆ. ಡ್ರಿಲ್, ಗ್ಯಾಬರ್ಡಿನ್, ಜೀನ್ಸ್ ಎಲ್ಲ ಇದೇ ಜಾತಿ. ಇದರಲ್ಲಿ ನೂಲನ್ನು ಒತ್ತಾಗಿ ಕೂರಿಸಬಹುದಾದ್ದರಿಂದ ಗಟ್ಟಿಮುಟ್ಟು. ಹುಡುಗಿಯರ ಸೈಕಲ್ ಪ್ಯಾಂಟಿಗೆ ತೆಳುವಾದ ಹತ್ತಿ ಡ್ರಿಲ್ ಬಹಳ ಚೆನ್ನಾಗಿ ಒಪ್ಪುತ್ತದೆ.

ರೇಯಾನ್ ಬಟ್ಟೆಯ ಪಲಾಜೊ ನೋಡಲು ಚೆಂದ, ಬೆಲೆಯೂ ಕಮ್ಮಿ. ಆದರೆ ಒಂದು ಗುಟ್ಟು ತಿಳಿದಿರಲಿ: ಹತ್ತಿ ನೂಲು ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ನೂಲು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಬೆವರಿನಲ್ಲಿ, ಮಳೆಯಲ್ಲಿ ನೆನೆದು ಸೀಟಿನ ಮೇಲೆ ಉಜ್ಜಿಸಿಕೊಳ್ಳುವ ಪ್ಯಾಂಟಿಗೆ ರೇಯಾನ್ ಬೇಡವೇ ಬೇಡ. ಅದರ ಅಗಲ ಅಂಚಂತೂ ಚೈನಿಗೆ ಕರೆದು ಕೊಟ್ಟ ಹಾಗೆ.

ಲೆಗ್ಗಿಂಗ್ಸ್ ಮಂಡಿ ಮಡಿಸಲು ಸುಖ, ಚೈನಿಗೂ ಸಿಗುವುದಿಲ್ಲ. ಆದರೆ ತೆಳುವಾದದ್ದು ಸೀಟಿಗೆ ಉಜ್ಜಿ ಉಜ್ಜಿ ಉಂಡೆ ಏಳುತ್ತದೆ, ಬಗ್ಗಿದಾಗ ಒಳಗಿನದು ಕಾಣುತ್ತದೆ. ಕೊಳ್ಳುವ ಮುಂಚೆ ಒಳಗೆ ಅಂಗೈ ತೂರಿಸಿ ಬೆಳಕಿಗೆ ಹಿಡಿದು ಎಳೆದು ನೋಡಿ. ಬೆರಳು ಎಣಿಸಲು ಬಂದರೆ ಬಿಟ್ಟುಬಿಡಿ.

ಜೀನ್ಸ್ ಗಟ್ಟಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಳಹೊಲಿಗೆ ದಪ್ಪ; ಅದೇ ಹೊಲಿಗೆಯ ಮೇಲೆ ಕೂತು ತುಳಿದರೆ ತೊಡೆಸಂದಿ ಕೆಂಪಾಗಿ ಉರಿಯುತ್ತದೆ. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಜೀನ್ಸೇ ಬೇಕೆಂದು ಹಟ ಹಿಡಿದರೆ ತೆಳು ಬಟ್ಟೆಯ, ಸ್ವಲ್ಪವೇ ಹಿಗ್ಗುವ, ಮಂಡಿಯಲ್ಲಿ ಸಡಿಲವಿರುವ ಜೀನ್ಸ್ ಕೊಡಿಸಿ.

ಟೈಲರ್ ಹತ್ತಿರ ಏನು ಹೇಳಬೇಕು?

36 ಇಂಚು ಪನ್ನದ ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವರಿಗೆ ಎರಡೂಕಾಲು ಮೀಟರು ಸಾಕು. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಆಮೇಲೆ ಈ ಮಾತುಗಳನ್ನು ಮರೆಯದೆ ಹೇಳಿ:

1. "ಟೈಲರಣ್ಣ, ನಿಂತ ಅಳತೆ ಮಾತ್ರ ಸಾಲದು, ಕೂತ ಅಳತೆಯೂ ಬೇಕು." ಸೈಕಲ್ ಮೇಲೆ ಬಗ್ಗಿ ಕೂತಾಗ ಬೆನ್ನ ಕಡೆ ಪ್ಯಾಂಟು ಕೆಳಗೆ ಜಾರುತ್ತದೆ. ಆದ್ದರಿಂದ ಹಿಂಭಾಗದ ಸೊಂಟ ಮಾಮೂಲಿಗಿಂತ ಒಂದಿಂಚು ಎತ್ತರ ಇರಲಿ.

2. ಕುರ್ಚಿಯ ಮೇಲೆ ಕೂತು ತೊಡೆಯ ಸುತ್ತಳತೆ ತೆಗೆಸಿ. ಅದಕ್ಕೆ ಮೂರು ಇಂಚು ಸಡಿಲ ಸೇರಿಸಿ. ಮಂಡಿ ಮಡಿಸಿ ಅಳೆದು ಅಲ್ಲಿ ಎರಡು ಇಂಚು ಬಿಡಿಸಿ.

3. ಕಾಲು ಮಡಿಸಿದಾಗ ಪ್ಯಾಂಟು ಮೇಲಕ್ಕೇರುತ್ತದೆ. ಉದ್ದ ಒಂದಿಂಚು ಹೆಚ್ಚಿರಲಿ. ಬೆಳೆಯುವ ಹುಡುಗಿಯಾದರೆ ಅಂಚಿನಲ್ಲಿ ಎರಡು ಇಂಚು ಒಳಮಡಿಕೆ ಬಿಡಿಸಿ. ಮುಂದಿನ ವರ್ಷ ಬಿಚ್ಚಿಕೊಳ್ಳಬಹುದು.

4. ಹಳೇ ಕಾಲದ ಪೈಜಾಮ ನೋಡಿದ್ದೀರಾ? ಎರಡು ಕಾಲಿನ ನಡುವೆ ಚೌಕಾಕಾರದ ಒಂದು ತುಂಡು ಸೇರಿಸಿರುತ್ತಾರೆ. ಆ ತುಂಡು ಇದ್ದರೆ ನಾಲ್ಕು ಹೊಲಿಗೆ ಒಂದೇ ಕಡೆ ಕೂಡುವುದಿಲ್ಲ, ಕೂರುವಾಗ ಒತ್ತುವುದಿಲ್ಲ, ಕಾಲು ಅಗಲಿಸಿದರೆ ಹರಿಯುವುದೂ ಇಲ್ಲ. ಮೂರ್ನಾಲ್ಕು ಇಂಚಿನ ಅಂಥ ತುಂಡು ಹಾಕಿಕೊಡಲು ಹೇಳಿ. "ಇದೇನಮ್ಮಾ, ಹಳೇ ಫ್ಯಾಷನ್ನು" ಎಂದು ಟೈಲರು ನಕ್ಕರೆ ನಗಲಿ.

5. ಕೂರುವ ಭಾಗಕ್ಕೆ ಒಳಗಿನಿಂದ ಅದೇ ಬಟ್ಟೆಯ ಇನ್ನೊಂದು ಪದರ ಕೊಡಿಸಿ. ಹೊಲಿಗೆ ಪಾಲಿಯೆಸ್ಟರ್ ದಾರದಲ್ಲಿ, ಎರಡು ಸಾಲು, ಒತ್ತಾಗಿ ಇರಲಿ.

6. ಲಾಡಿ ಬೇಡ, ಅಗಲವಾದ ಎಲಾಸ್ಟಿಕ್ ಇರಲಿ. ಮುಂದೆ ಚಪ್ಪಟೆ ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್ ಇದ್ದರೆ ಇನ್ನೂ ಒಳ್ಳೆಯದು. ಬಲಗಡೆ ಒಂದು ಆಳವಾದ ಜೇಬು ಬೇಕೇ ಬೇಕು, ಬೀಗದ ಕೈಗೆ, ಚಿಲ್ಲರೆಗೆ.

ಕೊನೆಯಲ್ಲಿ ಪರೀಕ್ಷೆ. ಹೊಲಿಸಿದ್ದಾಗಲಿ, ಅಂಗಡಿಯ ಸಿದ್ಧ ಉಡುಪಾಗಲಿ, ತೊಟ್ಟು ಕನ್ನಡಿ ಮುಂದೆ ನಿಂತರೆ ಸಾಲದು. ಕುಕ್ಕರಗಾಲಿನಲ್ಲಿ ಕೂತು ಏಳಿ. ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ಮುಂದಕ್ಕೆ ಬಗ್ಗಿ. ಎಲ್ಲೂ ಬಿಗಿಯದೆ, ಬೆನ್ನು ಕಾಣದೆ ಇದ್ದರೆ ಪಾಸು.

ಅಂಚು, ದುಪಟ್ಟಾ: ಇಲ್ಲಿ ಜೋಕೆ

ಅಂದದ ಮಾತು ಹಾಗಿರಲಿ, ಇದು ಜೀವದ ಮಾತು. ಹೆಸರಾಂತ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನಲ್ಲಿ ಸತ್ತದ್ದು ಕೊರಳಿನ ವಸ್ತ್ರ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಸೈಕಲ್ ಚಕ್ರವೂ ಸುತ್ತುವ ಚಕ್ರವೇ. ದುಪಟ್ಟಾವನ್ನು ಇಳಿಬಿಡದೆ ಅಡ್ಡಲಾಗಿ ಹಾಕಿ ಸೊಂಟದ ಪಕ್ಕ ಗಂಟು ಹಾಕಿ. ಸಮವಸ್ತ್ರಕ್ಕೆ ದುಪಟ್ಟಾ ಬೇಕೇಬೇಕೆಂದಿದ್ದರೆ ಮಡಿಸಿ ಬ್ಯಾಗಿನಲ್ಲಿಟ್ಟು ಶಾಲೆಯಲ್ಲಿ ಹಾಕಿಕೊಳ್ಳಲಿ. ಸೊಂಟದ ಪಕ್ಕದ ಸೀಳು ಧಾರಾಳವಾಗಿದ್ದು ಟಾಪು ಮಂಡಿಯಿಂದ ಮೇಲಿರಲಿ.

ಪ್ಯಾಂಟಿನ ಅಂಚಿನ ಸುತ್ತಳತೆ 13 ಇಂಚಿನ ಆಸುಪಾಸು ಇದ್ದರೆ ಪಾದ ತೂರುತ್ತದೆ, ಚೈನಿಗೆ ಸಿಗದು. ಅಗಲ ಅಂಚಿನ ಪ್ಯಾಂಟಿದ್ದರೆ ಬಲಗಾಲಿಗೆ ಅಗಲ ಎಲಾಸ್ಟಿಕ್ ಪಟ್ಟಿಗೆ ಒತ್ತುಗುಂಡಿ ಹೊಲಿದು ಬಳೆಯಂತೆ ಹಾಕಿಕೊಳ್ಳಿ. ಖರ್ಚು ಹತ್ತಿಪ್ಪತ್ತು ರೂಪಾಯಿ. ಸಂಜೆ ಹೊತ್ತು ಓಡಾಡುವವರು ಅದೇ ಪಟ್ಟಿಗೆ ಬೆಳಕಿಗೆ ಹೊಳೆಯುವ ಟೇಪು ಹೊಲಿದುಕೊಂಡರೆ, ಮೇಲೆ ಕೆಳಗೆ ಆಡುವ ಕಾಲು ಹಿಂದಿನಿಂದ ಬರುವ ಲಾರಿಯವನಿಗೆ ಬೇಗ ಕಾಣುತ್ತದೆ. ಸೈಕಲ್ಲಿಗೆ ಪೂರಾ ಚೈನ್ ಕವರ್ ಹಾಕಿಸುವುದನ್ನಂತೂ ಮರೆಯಬೇಡಿ.

ಒಳಗಿನ ಮಾತು

ಹೊರಗಿನ ಪ್ಯಾಂಟು ಎಷ್ಟೇ ಚೆನ್ನಾಗಿರಲಿ, ಒಳಉಡುಪಿನ ಲೇಸು, ದಪ್ಪ ಅಂಚು ಸೀಟಿನ ಮೇಲೆ ಒತ್ತಿದರೆ ಹುಣ್ಣಾಗುತ್ತದೆ. ಸಾದಾ ಹತ್ತಿಯದು, ತೊಡೆಸಂದಿಯಲ್ಲಿ ಅಂಚು ಒತ್ತದಂಥದ್ದು ಇರಲಿ. ಮನೆಗೆ ಬಂದ ಕೂಡಲೇ ಬೆವರಿದ್ದನ್ನು ಬದಲಿಸಿ. ಉಜ್ಜಿ ಕೆಂಪಾಗಿದ್ದರೆ ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದರೆ ಹಿತ. ಕೀವಾದರೆ, ವಾಸಿಯಾಗದಿದ್ದರೆ ವೈದ್ಯರಿಗೆ ತೋರಿಸಿ. ಮುಟ್ಟಿನ ದಿನಗಳಿಗೆಂದು ಕಡು ಬಣ್ಣದ ಒಂದು ಪ್ಯಾಂಟು ಎತ್ತಿಟ್ಟಿದ್ದರೆ ಹುಡುಗಿ ಆ ದಿನಗಳಲ್ಲೂ ಧೈರ್ಯವಾಗಿ ಹೊರಡುತ್ತಾಳೆ. ಬಿರಿದ ಸೀಟಿನ ರೆಕ್ಸಿನ್ ಅಂಚು ಯಾವ ಬಟ್ಟೆಯನ್ನೂ ಉಳಿಸದು. ಸೀಟ್ ಕವರ್ ಬದಲಿಸಿ.

ಒಗೆತ ಮತ್ತು ತೇಪೆ

ಚೈನಿನ ಗ್ರೀಸು ಮೆತ್ತಿದರೆ ತಕ್ಷಣ ನೀರು ಹಾಕಿ ಉಜ್ಜಬೇಡಿ, ಕಲೆ ಹರಡುತ್ತದೆ. ಮೊದಲು ಚಮಚೆಯಿಂದ ಕೆರೆದು ತೆಗೆಯಿರಿ. ಮೇಲೆ ಮೈದಾ ಅಥವಾ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ. ಪಾತ್ರೆ ತೊಳೆಯುವ ದ್ರವ ಹಚ್ಚಿ ಹತ್ತು ನಿಮಿಷ ನೆನೆಸಿ ಬಿಸಿನೀರಲ್ಲಿ ಒಗೆಯಿರಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಹಾಕಕೂಡದು, ಶಾಖಕ್ಕೆ ಕಲೆ ಕೂತುಬಿಡುತ್ತದೆ. ಹಿಗ್ಗುವ ಬಟ್ಟೆಗೆ ಮಾತ್ರ ತಣ್ಣೀರೇ ಸರಿ, ಬ್ಲೀಚಿಂಗ್ ಹತ್ತಿರ ಸೇರಿಸಬೇಡಿ.

ತಿಂಗಳಿಗೊಮ್ಮೆ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ತೂತಾದ ಮೇಲೆ ತೇಪೆ ಹಾಕುವುದಕ್ಕಿಂತ ಜಾಳಾಗಿದ್ದಾಗಲೇ ಒಳಗಿನಿಂದ ತುಂಡು ಕೊಟ್ಟು ಹೊಲಿದರೆ ಇನ್ನೊಂದು ವರ್ಷ ಬರುತ್ತದೆ. ಅದಕ್ಕೇ ಹೊಲಿಸಿದಾಗ ಉಳಿದ ತುಂಡುಗಳನ್ನು ಟೈಲರ್ ಹತ್ತಿರ ಕೇಳಿ ತಂದಿಟ್ಟುಕೊಳ್ಳಿ. ಎರಡು ಪ್ಯಾಂಟು ಒಟ್ಟಿಗೆ ಹೊಲಿಸಿ ದಿನ ಬಿಟ್ಟು ದಿನ ತೊಟ್ಟರೆ ಒಗೆತಕ್ಕೂ ಬಿಡುವು, ಬಾಳಿಕೆಯೂ ಹೆಚ್ಚು.

"ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ, ನಾಲ್ಕು ಜನ ಏನಂತಾರೆ" ಎಂಬ ಮಾತು ಮನೆಯೊಳಗಿಂದಲೇ ಬಂದೀತು. ವಾದಕ್ಕೆ ನಿಲ್ಲಬೇಡಿ. ಮೈ ತುಂಬ ಮುಚ್ಚುವ, ಹರಿಯದ, ಜಾರದ ಬಟ್ಟೆ ತೊಟ್ಟು ಸೈಕಲ್ಲಿನಲ್ಲಿ ಹೋಗಿ ಅತ್ತೆಯವರ ಬಿ.ಪಿ. ಮಾತ್ರೆಯನ್ನು ಹತ್ತೇ ನಿಮಿಷದಲ್ಲಿ ತಂದುಕೊಡಿ. ಮುಂದಿನ ಸಲ "ಸೈಕಲ್ ತಗೊಂಡು ಬೇಗ ಹೋಗಿ ಬಾರಮ್ಮ" ಎಂದು ಅವರೇ ಹೇಳಿಯಾರು!