ಮೊದಲು ಪಟ್ಟಿ, ಆಮೇಲೆ ಪ್ಯಾಕಿಂಗ್

ಬೀದರಿನಿಂದ ಹುಮನಾಬಾದ್ ಕಡೆ ಬರುವ ಹೆದ್ದಾರಿಯಲ್ಲಿ ಹಳ್ಳಿಖೇಡ (ಬಿ) ಸಿಗುತ್ತದೆ. ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಹುಮನಾಬಾದ್ ಮುಟ್ಟಿದರೆ ಪುಣೆ–ಹೈದರಾಬಾದ್ ರಸ್ತೆ ಅಡ್ಡ ಬರುತ್ತದೆ. ಅದರಲ್ಲಿ ಸೊಲ್ಲಾಪುರದ ಕಡೆ ಹೊರಳಿದರೆ ಸಸ್ತಾಪುರ ಬಂಗ್ಲಾ, ಅಲ್ಲಿಂದ ಒಳಕ್ಕೆ ಬಸವಕಲ್ಯಾಣ. ಈ ಪಟ್ಟೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಲಾರಿಯ ದುಡಿಮೆಯಿಂದ. ಹೊಸ ಗಾಡಿಯ ಕಂತು ಭಾರವೆನಿಸಿದವರು ಹಳೆ ಗಾಡಿಯ ಇಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾರೆ. ಹಾಗೆ ಕಟ್ಟಿಕೊಡುವ ಉಸ್ತಾದರ ಕಸುಬಿನಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಭಾಗವಿದೆ: ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಪ್ಯಾಕಿಂಗ್, ಅಂದರೆ ಇಂಜಿನ್ ಹೆಡ್ಡಿಗೂ ಹೊಗೆ ಒಯ್ಯುವ ಮ್ಯಾನಿಫೋಲ್ಡಿಗೂ ನಡುವೆ ಕೂರುವ ಹಾಳೆ.

ಇಂಜಿನ್ ಕೆಲಸ ಅಂದಕೂಡಲೇ ಮಾತು ಲೈನರ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಸುತ್ತಲೇ ತಿರುಗುತ್ತದೆ. ಮ್ಯಾನಿಫೋಲ್ಡ್ ಪ್ಯಾಕಿಂಗು ಸೆಟ್ಟಿನ ಜೊತೆ ಬಂದದ್ದೇ ಸರಿ ಎಂದು ಬಿಗಿದುಬಿಡುವವರೇ ಜಾಸ್ತಿ. ನನ್ನ ಮಟ್ಟಿಗೆ ಉಸ್ತಾದನ ಕೈ ಎಂಥದೆಂದು ತಿಳಿಯುವುದು ಇಲ್ಲಿಯೇ.

ಟಾಟಾ 1210, 1612 ಗಾಡಿಗಳ 697 ಇಂಜಿನನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರ್, 97 ಮಿ.ಮೀ. ಬೋರ್. ಟಾಟಾ ಮತ್ತು ಮರ್ಸಿಡಿಸ್ ಬೆಂಜ್ 1954ರಿಂದ 1969ರವರೆಗೆ ಒಟ್ಟಿಗೆ ಲಾರಿ ಮಾಡಿದ ಕಾಲದ ವಂಶದ್ದು. ತುಂಬಿದ ಲೋಡಿನಲ್ಲಿ ಏರು ಹತ್ತುವಾಗ ಸಿಲಿಂಡರಿನಿಂದ ಹೊರಬೀಳುವ ಹೊಗೆಯ ಕಾವು 500–600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹೆಡ್ಡಿನೊಳಗೆ ನೀರು ಓಡುತ್ತಿರುವುದರಿಂದ ಅದು ತಕ್ಕಮಟ್ಟಿಗೆ ತಣ್ಣಗಿರುತ್ತದೆ. ಮ್ಯಾನಿಫೋಲ್ಡಿಗೆ ಆ ಭಾಗ್ಯವಿಲ್ಲ. ಎರಕದ ಕಬ್ಬಿಣದ 700 ಮಿ.ಮೀ. ತುಂಡು 500 ಡಿಗ್ರಿ ಕಾದರೆ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಒಂದು ಮುಖ ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಮುಖ ಜರುಗುತ್ತಿರುತ್ತದೆ. ನಡುವೆ ಸಿಕ್ಕ ಪ್ಯಾಕಿಂಗು ಹೊಗೆಯನ್ನು ತಡೆಯಬೇಕು, ಜರುಗುವುದನ್ನು ತಡೆಯಬಾರದು. ಮ್ಯಾನಿಫೋಲ್ಡನ್ನು ಎಷ್ಟೋ ಇಂಜಿನ್‌ಗಳಲ್ಲಿ ಎರಡು ಮೂರು ತುಂಡು ಮಾಡಿ ಒಂದರೊಳಗೊಂದು ಸೇರಿಸಿರುವುದೂ, ಸ್ಟಡ್ಡಿನ ತೂತುಗಳನ್ನು ಒಂದಿಷ್ಟು ಸಡಿಲ ಇಟ್ಟಿರುವುದೂ ಇದಕ್ಕಾಗಿಯೇ. ಒಂದೇ ಬದಿಗೆ ತಗಡಿರುವ ಹಳೆ ಮಾದರಿಯ ಪ್ಯಾಕಿಂಗಾದರೆ ತಗಡಿನ ಮುಖ ಮ್ಯಾನಿಫೋಲ್ಡ್ ಕಡೆಗೇ ಬರಬೇಕು. ಜಾರುವ ಕಬ್ಬಿಣಕ್ಕೆ ಜಾರುವ ಮುಖ, ನಿಂತ ಹೆಡ್ಡಿಗೆ ಮೆತ್ತನೆಯ ಮುಖ.

ಹಾಗಾಗಿ ಒಳ್ಳೆಯ ಉಸ್ತಾದ ಮೊದಲು ಅಂಗಡಿಗೆ ಆಳು ಕಳಿಸುವುದಿಲ್ಲ. ಬಿಚ್ಚಿದ ಮ್ಯಾನಿಫೋಲ್ಡಿನ ಮುಖ ನೋಡುತ್ತಾನೆ. ಹೊಗೆ ಸೋರಿದ ಕಡೆ ಪೋರ್ಟಿನಿಂದ (ಹೊಗೆ ಹಾಯುವ ತೂತಿನಿಂದ) ಅಂಚಿನವರೆಗೆ ಕರೀ ಗೆರೆ ಎಳೆದಿರುತ್ತದೆ. ಪ್ಯಾಕಿಂಗು ಸರಿಯಾಗಿ ಕೂತ ಕಡೆ ಲೋಹ ಬೆಳ್ಳಗಿರುತ್ತದೆ. ಮುಖ ಉಜ್ಜಿ, ಉಕ್ಕಿನ ನೇರ ಪಟ್ಟಿಯನ್ನು ಎಲ್ಲ ಪೋರ್ಟುಗಳ ಮೇಲೆ ಉದ್ದಕ್ಕೆ ಇಟ್ಟು, ಹಿಂದಿನಿಂದ ಟಾರ್ಚ್ ಹಿಡಿಸುತ್ತಾನೆ. ಬೆಳಕು ಕಂಡಲ್ಲಿ ಫೀಲರ್ ಗೇಜಿನ ಎಲೆ ತೂರಿಸುತ್ತಾನೆ. 0.1 ಮಿ.ಮೀ. ಎಲೆ ಬಿಗಿಯಾಗಿ ಹಿಡಿದರೆ ಸಮಾಧಾನ. 0.2 ಎಲೆ ಸಲೀಸಾಗಿ ಓಡಾಡಿದರೆ ಮ್ಯಾನಿಫೋಲ್ಡ್ ಸೊಟ್ಟಗಾಗಿದೆ, ಮುಖ ಹೊಡೆಸಲು ಮಷಿನ್ ಅಂಗಡಿಗೆ ಹೋಗಬೇಕು.

ಯಾವ ಪ್ಯಾಕಿಂಗ್ ಎನ್ನುವುದು ತೀರ್ಮಾನವಾಗುವುದೇ ಈ ಅಳತೆಯಿಂದ. ಉಬ್ಬುಗೆರೆ ಒತ್ತಿದ ಪದರ ಉಕ್ಕಿನ ಪ್ಯಾಕಿಂಗು ಬಾಳಿಕೆಗೆ ಒಳ್ಳೆಯದು, ಆದರೆ ಅದಕ್ಕೆ ಎರಡೂ ಮುಖ ಸಪಾಟಾಗಿರಬೇಕು. ಉಕ್ಕಿನ ಹಾಳೆಗೆ ಗ್ರಾಫೈಟ್ ಹತ್ತಿಸಿದ್ದು ಒತ್ತಡಕ್ಕೆ ಮಣಿದು ಸಣ್ಣಪುಟ್ಟ ಏರುತಗ್ಗು ತುಂಬುತ್ತದೆ. ಹಳೆ ಗಾಡಿಗಳಿಗೆ ನಾನು ಒಪ್ಪುವುದು ಇದನ್ನೇ. ಸೊಟ್ಟಗಾದ ಮುಖಕ್ಕೆ ಎರಡು ಪ್ಯಾಕಿಂಗ್ ಒಂದರ ಮೇಲೊಂದು ಹಾಕುವುದು ಮಾತ್ರ ಬೇಡವೇ ಬೇಡ. ಬಿಗಿತ ನಿಲ್ಲುವುದಿಲ್ಲ, ಕೊನೆಗೆ ಸ್ಟಡ್ ಮುರಿಯುತ್ತದೆ.

ಆಮೇಲೆ ಪೋರ್ಟಿನ ತಾಳೆ. ಹೊಸ ಪ್ಯಾಕಿಂಗನ್ನು ಹೆಡ್ಡಿಗೆ ಹಿಡಿದು ನೋಡಿದರೆ ತೂತಿನ ಅಂಚು ಪೋರ್ಟಿನೊಳಕ್ಕೆ ಇಣುಕಬಾರದು. ಇಣುಕಿದ್ದು ಬೆಂಕಿಗೆ ಸುಟ್ಟು ಚೂರಾಗುತ್ತದೆ, ಟರ್ಬೊ ಗಾಡಿಯಾದರೆ ಆ ಚೂರು ಹೋಗಿ ಟರ್ಬೈನ್ ರೆಕ್ಕೆಗೇ ಬಡಿಯುತ್ತದೆ. ಟರ್ಬೊ ಇಲ್ಲದ 697, ಟರ್ಬೊ ಇರುವ 697, ಕಮಿನ್ಸ್ 5.9 ಲೀಟರ್, ಲೇಲ್ಯಾಂಡಿನ ಹಿನೊ: ಕೌಂಟರಿನ ಮೇಲೆ ಬರೀ ‘ಆರು ಸಿಲಿಂಡರ್’ ಎಂದು ಕೇಳಿದರೆ ಸಾಲದು. ಇಂಜಿನ್ ನಂಬರ್ ಬರೆದುಕೊಂಡು, ಹಳೆ ಪ್ಯಾಕಿಂಗನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವಿನದು ಬೇರೆಯೇ ಪ್ಯಾಕಿಂಗ್. ಅಲ್ಲಿ ಸ್ಟೇನ್‌ಲೆಸ್ ಉಕ್ಕಿನದೇ ಆಗಬೇಕು.

ಹಳೆ ಪ್ಯಾಕಿಂಗ್ ಕೆರೆಯುವ ಹುಡುಗರ ಬಗ್ಗೆ ನನಗೆ ಕಳವಳವಿದೆ. ಹಿಂದಿನ ಕಾಲದ ಪ್ಯಾಕಿಂಗುಗಳ ನಡುವಿನ ಬೂದು ಪದರ ಬಹುಪಾಲು ಕಲ್ನಾರು. ಅದರ ಪುಡಿ ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಣಗಿದ್ದನ್ನೇ ಉಜ್ಜುವುದು, ಏರ್ ಹೊಡೆದು ಪುಡಿ ಹಾರಿಸುವುದು, ಎರಡೂ ನಿಲ್ಲಬೇಕು. ನೀರಿನಲ್ಲಿ ಚೆನ್ನಾಗಿ ನೆನೆಸಿ, ಕೈಯಿಂದ ಕೆರೆದು, ಕೆರೆದದ್ದನ್ನು ಒದ್ದೆಯಿರುವಾಗಲೇ ಚೀಲಕ್ಕೆ ಕಟ್ಟಬೇಕು. ಹುಡುಗನ ಮುಖಕ್ಕೆ ಕರ್ಚೀಫು ಸಾಲದು, ಸಣ್ಣ ಧೂಳು ತಡೆಯುವ ಮಾಸ್ಕ್ ಕೊಡಿಸುವುದು ಮಾಲೀಕನ ಜವಾಬ್ದಾರಿ.

ಸಿಲಿಕೋನ್ ಪೇಸ್ಟಿಗೆ ಇಲ್ಲಿ ಕೆಲಸವಿಲ್ಲ. ಆಯಿಲ್ ಚೇಂಬರಿಗೆ ಅದು ಸರಿ. 300 ಡಿಗ್ರಿ ದಾಟಿದ ಮೇಲೆ ಸುಟ್ಟು, ತಾನಿದ್ದ ಜಾಗದಲ್ಲಿ ಸಂದು ಬಿಟ್ಟುಹೋಗುತ್ತದೆ. ಸ್ಟಡ್ಡಿನ ಆಟೆ ಸವೆದಿದ್ದರೆ ಹೊಸದು ಹಾಕಿ, ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಒಂದು ತುದಿಯಿಂದ ಬಿಗಿಯುತ್ತಾ ಹೋದರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ.

ಗಾಡಿ ಹೊರಬಿದ್ದ ಮೇಲೂ ಕೆಲಸ ಬಾಕಿಯಿದೆ. ಗ್ರಾಫೈಟ್ ಪ್ಯಾಕಿಂಗು ಮೊದಲ ಕಾವಿಗೆ ಒಂದಿಷ್ಟು ಕೂರುತ್ತದೆ. ಒಂದು ಟ್ರಿಪ್ ಲೋಡಿನಲ್ಲಿ ಓಡಿಸಿ ತಂದು, ಇಂಜಿನ್ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿಸಬೇಕು. ಮುಂಜಾನೆ ಸ್ಟಾರ್ಟ್ ಮಾಡಿದಾಗ ಟಪ್ ಟಪ್ ಅಂದು, ಕಾವೇರಿದ ಮೇಲೆ ಆ ಸದ್ದು ನಿಂತರೆ, ಕಬ್ಬಿಣ ಹಿಗ್ಗಿ ಹೊಗೆ ಸೋರುವ ಸಂದು ಮುಚ್ಚಿಕೊಂಡಿದೆ ಎಂದರ್ಥ. ಸದ್ದು ನಿಂತಿತೆಂದು ಡ್ರೈವರ್ ಸುಮ್ಮನಾಗಬಾರದು, ಆ ವಾರದಲ್ಲೇ ಗಾಡಿಯನ್ನು ಉಸ್ತಾದನ ಮುಂದೆ ನಿಲ್ಲಿಸಬೇಕು.