ಸಂರಚನಾ ನಿರ್ವಹಣೆ: ಸದ್ಯದ ಪ್ರತಿ ಯಾವುದು?

ಒಂದು ಯಂತ್ರದ ಬಿಡಿಭಾಗಗಳೆಲ್ಲವೂ ತಮ್ಮಷ್ಟಕ್ಕೆ ದೋಷರಹಿತವಾಗಿದ್ದು, ಕೂಡಿಸಿದಾಗ ಮಾತ್ರ ಒಂದಕ್ಕೊಂದು ಹೊಂದದೆ ಹೋಗಬಹುದು. ಏರ್‌ಬಸ್ ಎ380 ವಿಮಾನದ ನಿರ್ಮಾಣದಲ್ಲಿ ಹೀಗೆಯೇ ಆಯಿತು. ಹ್ಯಾಂಬರ್ಗಿನಿಂದ ಟೂಲೂಸಿಗೆ ಬಂದ ವಿದ್ಯುತ್ ತಂತಿಗಳ ಕಂತೆಗಳು ಅಲ್ಲಲ್ಲಿ ಉದ್ದ ಸಾಲದೆ ನಿಂತವು. ಒಂದು ವಿಮಾನದಲ್ಲಿರುವ ತಂತಿ 500 ಕಿಲೋಮೀಟರಿಗೂ ಹೆಚ್ಚು. ಜರ್ಮನಿಯ ವಿನ್ಯಾಸಕಾರರು ಕ್ಯಾಟಿಯಾ ಎಂಬ ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನೂ ಫ್ರಾನ್ಸಿನವರು ಐದನೆಯದನ್ನೂ ಬಳಸುತ್ತಿದ್ದರು. ಒಂದೆಡೆಯ ಬದಲಾವಣೆ ಇನ್ನೊಂದೆಡೆಯ ನಕ್ಷೆಯಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. 2006ರಲ್ಲಿ ಏರ್‌ಬಸ್ಸಿನ ಮುಖ್ಯಸ್ಥರು ಹುದ್ದೆ ತೊರೆದರು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು, ಒಂದು ವರ್ಷಕ್ಕೂ ಮಿಕ್ಕ ವಿಳಂಬದ ನಂತರ, 2007ರ ಅಕ್ಟೋಬರಿನಲ್ಲಿ.

ಇಂಥ ಎಡವಟ್ಟನ್ನು ತಡೆಯಲೆಂದೇ ರೂಪುಗೊಂಡ ಶಿಸ್ತು ಸಂರಚನಾ ನಿರ್ವಹಣೆ, ಅಂದರೆ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್. ಒಂದು ವಸ್ತು ಯಾವ ಯಾವ ಭಾಗಗಳಿಂದ, ಪ್ರತಿಯೊಂದು ಭಾಗದ ಯಾವ ಆವೃತ್ತಿಯಿಂದ ಕೂಡಿದೆಯೋ ಅದು ಅದರ ಸಂರಚನೆ. ಆ ಸಂರಚನೆ ಈ ಹೊತ್ತಿನಲ್ಲಿ ಏನು, ಅದು ಹೀಗೇಕಿದೆ, ಯಾರ ಒಪ್ಪಿಗೆಯಿಂದ ಬದಲಾಯಿತು ಎಂಬ ಪ್ರಶ್ನೆಗಳಿಗೆ ಎಂದು ಕೇಳಿದರೂ ಉತ್ತರವಿರುವಂತೆ ನೋಡಿಕೊಳ್ಳುವುದೇ ಅದರ ನಿರ್ವಹಣೆ. 1960ರ ದಶಕದಲ್ಲಿ ಅಮೆರಿಕದ ಕ್ಷಿಪಣಿ ಮತ್ತು ಬಾಹ್ಯಾಕಾಶ ಯೋಜನೆಗಳಲ್ಲಿ ಇದು ಬಲಗೊಂಡಿತು. ಐಎಸ್‌ಒ 10007 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1995ರಲ್ಲಿ ಬಂದು, 2003 ಮತ್ತು 2017ರಲ್ಲಿ ಪರಿಷ್ಕೃತವಾಯಿತು.

ನಾಲ್ಕು ಕೆಲಸಗಳು

ಮೊದಲನೆಯದು ಗುರುತಿಸುವಿಕೆ. ಯಾವ ಭಾಗಗಳ ಮೇಲೆ ಹತೋಟಿ ಬೇಕೆಂದು ನಿರ್ಧರಿಸಿ, ಪ್ರತಿಯೊಂದಕ್ಕೂ ಹೆಸರು, ಸಂಖ್ಯೆ, ಆವೃತ್ತಿಯನ್ನು ಕೊಡಬೇಕು. ಒಪ್ಪಿತವಾದ ಒಂದು ಹಂತವನ್ನು ‘ಬೇಸ್‌ಲೈನ್’ ಎಂದು ಘೋಷಿಸಬೇಕು. ಮುಂದಿನ ಬದಲಾವಣೆಗಳನ್ನೆಲ್ಲ ಅಳೆಯುವುದು ಅದರಿಂದಲೇ. ಎರಡನೆಯದು ಬದಲಾವಣೆಯ ನಿಯಂತ್ರಣ. ಇಲ್ಲಿ ಬದಲಾವಣೆಗೆ ತಡೆಯಿಲ್ಲ. ಆದರೆ ಅದರಿಂದ ಇನ್ನೇನೇನು ಬದಲಾಗಬೇಕಾದೀತು ಎಂದು ವಿಚಾರಿಸದೆ ಒಪ್ಪಿಗೆಯೂ ಇಲ್ಲ. ಮೂರನೆಯದು ಸ್ಥಿತಿಯ ಲೆಕ್ಕ: ಯಾವ ಬದಲಾವಣೆ ಕೇಳಲ್ಪಟ್ಟಿದೆ, ಯಾವುದು ಒಪ್ಪಿತವಾಗಿದೆ, ಯಾವುದು ಜಾರಿಯಾಗಿದೆ ಎಂಬ ದಾಖಲೆ. ನಾಲ್ಕನೆಯದು ತಪಾಸಣೆ: ದಾಖಲೆ ಹೇಳುವುದೂ ಕಣ್ಣೆದುರಿನ ವಸ್ತುವೂ ಒಂದೇ ಆಗಿವೆಯೆ ಎಂಬ ಪರೀಕ್ಷೆ.

ತಂತ್ರಾಂಶದಲ್ಲಿ

ತಂತ್ರಾಂಶ ಕ್ಷೇತ್ರದಲ್ಲಿ ಈ ಶಿಸ್ತಿನ ಮೊದಲ ಭಾಗಕ್ಕೆ ಒಳ್ಳೆಯ ಸಲಕರಣೆಗಳಿವೆ. ಬೆಲ್ ಪ್ರಯೋಗಾಲಯದಲ್ಲಿ 1972ರಲ್ಲಿ ಹುಟ್ಟಿದ ಎಸ್‌ಸಿಸಿಎಸ್‌ನಿಂದ, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್‌ವರೆಗೆ ಇವುಗಳ ಸಾಲು ಬೆಳೆದಿದೆ. ಆದರೆ ಗಿಟ್ ಇದ್ದ ಮಾತ್ರಕ್ಕೆ ಸಂರಚನಾ ನಿರ್ವಹಣೆ ಆಯಿತೆಂದು ತಿಳಿಯುವುದು ಸರಿಯಲ್ಲ. ಸಂಕೇತದ ಜೊತೆಗೆ ಅದು ನೆಚ್ಚಿರುವ ಲೈಬ್ರರಿಗಳು, ಸೆಟ್ಟಿಂಗುಗಳು, ದತ್ತಸಂಚಯದ ರಚನೆ, ಅದು ಓಡುವ ಸರ್ವರುಗಳು ಎಲ್ಲವೂ ಸಂರಚನೆಯ ಅಂಗಗಳೇ.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಇದಕ್ಕೆ ಬೆಲೆ ತೆತ್ತಿತು. ಹೊಸ ತಂತ್ರಾಂಶವನ್ನು ಎಂಟು ಸರ್ವರುಗಳ ಪೈಕಿ ಏಳಕ್ಕೆ ಮಾತ್ರ ಹಾಕಲಾಗಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಸಂಕೇತ ಎಚ್ಚೆತ್ತು ಮೇಲಿಂದ ಮೇಲೆ ಷೇರು ಖರೀದಿ, ಮಾರಾಟದ ಆದೇಶಗಳನ್ನು ಕಳುಹಿಸತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಎಂಟೂ ಸರ್ವರುಗಳಲ್ಲಿ ಒಂದೇ ಆವೃತ್ತಿಯಿದೆಯೆ ಎಂದು ಇನ್ನೊಬ್ಬರು ನೋಡುವ ಏರ್ಪಾಡು ಅಲ್ಲಿರಲಿಲ್ಲ.

ಬೆಂಗಳೂರಿನ ನಿದರ್ಶನ

ಒಂದೇ ಹೆಸರಿನ ವಸ್ತುವಿಗೆ ಹಲವು ಸಂರಚನೆಗಳಿರಬಹುದು ಎಂಬುದಕ್ಕೆ ಬೆಂಗಳೂರಿನ ತೇಜಸ್ ಯುದ್ಧವಿಮಾನ ಒಳ್ಳೆಯ ಉದಾಹರಣೆ. 2001ರ ಜನವರಿ 4ರಂದು ಮೊದಲು ಹಾರಿದ್ದು ತಂತ್ರಜ್ಞಾನವನ್ನು ಪರೀಕ್ಷಿಸುವ ಮಾದರಿ. 2016ರಲ್ಲಿ ವಾಯುಪಡೆಯ 45ನೆಯ ಸ್ಕ್ವಾಡ್ರನ್ ಪಡೆದದ್ದು ಆರಂಭಿಕ ಕಾರ್ಯಾಚರಣೆ ಅನುಮತಿಯ ಮಟ್ಟದ ವಿಮಾನಗಳನ್ನು. 2020ರಲ್ಲಿ 18ನೆಯ ಸ್ಕ್ವಾಡ್ರನ್ನಿಗೆ ಬಂದವು ಅಂತಿಮ ಅನುಮತಿಯ ಮಟ್ಟದವು. ಇವು ಆಕಾಶದಲ್ಲಿಯೇ ಇಂಧನ ತುಂಬಿಸಿಕೊಳ್ಳಬಲ್ಲವು. 2021ರಲ್ಲಿ 73 ಯುದ್ಧವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು ಇನ್ನೂ ಮುಂದಿನ ಮಾರ್ಕ್ 1ಎ ರೂಪಕ್ಕೆ. ಎಲ್ಲವೂ ತೇಜಸ್ಸೇ. ಆದರೆ ಎದುರಿಗೆ ನಿಂತಿರುವುದು ಯಾವ ಮಟ್ಟದ್ದು ಎಂದು ತಿಳಿಯದೆ ಬಿಡಿಭಾಗವನ್ನು ಜೋಡಿಸುವಂತಿಲ್ಲ, ತಂತ್ರಾಂಶವನ್ನು ತುಂಬುವಂತಿಲ್ಲ.

ಕೊಲ್ಲಿ ನಾಡಿನಲ್ಲಿ

ಕತಾರಿನಲ್ಲಿ ಅನಿಲ ಸ್ಥಾವರ, ಮೆಟ್ರೊ, ಕಟ್ಟಡಗಳ ಕೆಲಸ ಮಾಡಿದ ಕನ್ನಡಿಗರಿಗೆ ಈ ಶಿಸ್ತು ‘ಡಾಕ್ಯುಮೆಂಟ್ ಕಂಟ್ರೋಲರ್’ ಎಂಬ ಹುದ್ದೆಯ ರೂಪದಲ್ಲಿ ಪರಿಚಿತ. ನಕ್ಷೆ ಪರಿಶೀಲನೆಗೆ ಬಂದದ್ದೋ, ನಿರ್ಮಾಣಕ್ಕೆ ಬಿಡುಗಡೆಯಾದದ್ದೋ, ಕಟ್ಟಿ ಮುಗಿದ ಮೇಲಿನ ‘ಆಸ್-ಬಿಲ್ಟ್’ ನಕ್ಷೆಯೋ ಎಂದು ನೋಂದಾಯಿಸುವವರು, ಹಳೆಯ ಪ್ರತಿಗಳ ಮೇಲೆ ‘ಸೂಪರ್‌ಸೀಡೆಡ್’ ಮುದ್ರೆ ಒತ್ತುವವರು ಅವರು. ಗುಮಾಸ್ತಿಕೆಯೆಂದು ಹಲವರು ಹಗುರವಾಗಿ ಕಾಣುವ ಈ ಕೆಲಸವೇ ಮೇಲೆ ಹೇಳಿದ ಮೂರನೆಯ ಕರ್ತವ್ಯ.

ದೋಹಾದ ಮದೀನತ್ ಖಲೀಫಾದಲ್ಲಿ ಒಂದು ಹಳೆಯ ವಿಲ್ಲಾವನ್ನು ಊಹಿಸೋಣ. ಕೋಣೆಗಳನ್ನು ವಿಭಾಗಿಸುವಾಗ ನೀರಿನ ಕೊಳವೆ, ವಿದ್ಯುತ್ ತಂತಿಗಳ ದಾರಿ ಬದಲಾಯಿತು, ನಕ್ಷೆ ಬದಲಾಗಲಿಲ್ಲ. ಬದಲಾಯಿಸಿದವರು ಇರುವವರೆಗೆ ತೊಂದರೆಯಿಲ್ಲ, ಅವರಿಗೆ ಎಲ್ಲವೂ ಗೊತ್ತು. ಹತ್ತು ವರ್ಷಗಳ ನಂತರ ಗೋಡೆಗೆ ಡ್ರಿಲ್ ಹಿಡಿಯುವವನ ಕೈಯಲ್ಲಿರುವುದು ಮಾತ್ರ ಆ ಹಳೆಯ ನಕ್ಷೆ. ಅವನ ಜೀವವೇ ಅಪಾಯದಲ್ಲಿದೆ.

ಕೊಲ್ಲಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕರಾರು ಮುಗಿದವರು ಊರಿಗೆ ಮರಳುತ್ತಾರೆ, ಅವರ ಜಾಗಕ್ಕೆ ಬೇರೆ ನಾಡಿನ, ಬೇರೆ ಭಾಷೆಯ ಇನ್ನೊಬ್ಬರು ಬರುತ್ತಾರೆ. ಹೋದವರ ತಲೆಯಲ್ಲಿದ್ದ ತಿಳಿವಳಿಕೆ ಅವರೊಡನೆಯೇ ವಿಮಾನ ಹತ್ತುತ್ತದೆ. ಉಳಿಯುವುದು ಬರೆದಿಟ್ಟದ್ದು ಮಾತ್ರ. ಆದ್ದರಿಂದ ಒಂದು ಯೋಜನೆಯ ಸಂರಚನಾ ನಿರ್ವಹಣೆಯನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಇಂದು ಈ ಕೆಲಸ ಬಲ್ಲವರೆಲ್ಲ ಊರಿಗೆ ಹೊರಟುಹೋದರೆ, ನಾಳೆ ಬರುವವರು ದಾಖಲೆ ನೋಡಿ ಸದ್ಯದ ಪ್ರತಿ ಯಾವುದೆಂದು ಹೇಳಬಲ್ಲರೆ?