ಕೈಬಿಟ್ಟ ಮದ್ದು, ಬಿಡದ ಆಸೆ

ಹಲವು ದೇಶಗಳ ವ್ಯಾಯಾಮಶಾಲೆಗಳಲ್ಲಿ ಕಾರ್ಡರೀನ್ ಎಂಬ ಹೆಸರಿನಿಂದ ಪರಿಚಿತವಾಗಿದ್ದರೂ ವೈದ್ಯಶಾಸ್ತ್ರದಲ್ಲಿ ಇಂದಿಗೂ ಯಾವ ಅನುಮೋದಿತ ಉಪಯೋಗವನ್ನೂ ಪಡೆಯದಿರುವ ಜಿಡಬ್ಲ್ಯು 501516 ಎಂಬ ರಾಸಾಯನಿಕವು, ಹೃದಯ ಮತ್ತು ರಕ್ತನಾಳಗಳ ವ್ಯಾಧಿಯನ್ನು ತಡೆಯಬೇಕೆಂಬ ಸದುದ್ದೇಶದಿಂದಲೇ ಜನ್ಮ ತಾಳಿದುದು. 1990ರ ದಶಕದಲ್ಲಿ ಗ್ಲಾಕ್ಸೊ ಹಾಗೂ ಲೈಗಂಡ್ ಸಂಸ್ಥೆಗಳು ಕೂಡಿ ನಡೆಸಿದ ಸಂಶೋಧನೆಯ ಫಲವಾದ ಇದು, ಜೀವಕೋಶದ ಕೇಂದ್ರದಲ್ಲಿರುವ ಪಿಪಿಎಆರ್-ಡೆಲ್ಟಾ ಎಂಬ ಗ್ರಾಹಕವನ್ನು ಪ್ರಚೋದಿಸಿ, ಕೊಬ್ಬನ್ನು ದಹಿಸುವ ಜೀನುಗಳನ್ನು ಕಾರ್ಯೋನ್ಮುಖಗೊಳಿಸುವುದು. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ಥೂಲಕಾಯದ ರೀಸಸ್ ಕೋತಿಗಳಿಗೆ ಇದನ್ನು ಕೊಟ್ಟಾಗ ರಕ್ತದಲ್ಲಿ ಹಿತಕಾರಿಯಾದ ಎಚ್‌ಡಿಎಲ್ ಕೊಲೆಸ್ಟರಾಲ್ ಹೆಚ್ಚಿ, ಟ್ರೈಗ್ಲಿಸರೈಡ್ ತಗ್ಗಿತು; ಮನುಷ್ಯರ ಮೇಲೆ ಕೆಲವು ವಾರಗಳ ಕಾಲ ನಡೆದ ಪರೀಕ್ಷೆಗಳೂ ಆಶಾದಾಯಕವಾಗಿಯೇ ಇದ್ದವು.

ಆದರೆ ದೇಹವು ಕೆಲವು ವಾರಗಳಲ್ಲಿ ನುಡಿಯುವ ಸಾಕ್ಷ್ಯವೇ ಬೇರೆ, ದೀರ್ಘಕಾಲದಲ್ಲಿ ನುಡಿಯುವ ಸಾಕ್ಷ್ಯವೇ ಬೇರೆ. ಇಲಿಗಳಿಗೆ ಎರಡು ವರ್ಷ, ಎಂದರೆ ಹೆಚ್ಚುಕಡಿಮೆ ಅವುಗಳ ಆಯುಷ್ಯವಿಡೀ, ಈ ದ್ರವ್ಯವನ್ನು ಕೊಟ್ಟು ನೋಡಿದಾಗ ಯಕೃತ್ತು, ಮೂತ್ರಕೋಶ, ಜಠರ, ಥೈರಾಯ್ಡ್, ನಾಲಗೆ, ಚರ್ಮ ಮೊದಲಾದ ಹಲವು ಅಂಗಗಳಲ್ಲಿ ಅರ್ಬುದಗಳು ತಲೆದೋರಿದವು. ಕೊಬ್ಬನ್ನು ಕರಗಿಸುವ ಸಂಕೇತವೇ ಅರ್ಬುದದ ಬೆಳವಣಿಗೆಗೂ ಹೇಗೆ ಒತ್ತಾಸೆಯಾಗುವುದೆಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಇಲಿಗಳಲ್ಲಿ ಕಂಡ ಈ ಅರ್ಬುದಗಳ ಕಾರಣದಿಂದ 2007ರಲ್ಲಿ ಗ್ಲಾಕ್ಸೊ ಸಂಸ್ಥೆಯು ಈ ಕಾರ್ಯವನ್ನೇ ಕೈಬಿಟ್ಟಿತು.

ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ ಮುಗಿಯಲಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಎವಾನ್ಸ್ ಮತ್ತು ಸಂಗಡಿಗರು, ನಾಲ್ಕು ವಾರ ಟ್ರೆಡ್‌ಮಿಲ್ಲಿನ ಮೇಲೆ ಓಡಿದ ಇಲಿಗಳಲ್ಲಿ ಈ ಮದ್ದನ್ನೂ ಪಡೆದವು, ಬರಿಯ ಅಭ್ಯಾಸ ಮಾಡಿದವುಗಳಿಗಿಂತ ಸುಮಾರು ಶೇಕಡಾ 70ರಷ್ಟು ಹೆಚ್ಚು ದೂರ ಓಡಿದುದನ್ನು ಪ್ರಕಟಿಸಿದರು. ಮದ್ದನ್ನು ಮಾತ್ರ ಸೇವಿಸಿ ಸುಮ್ಮನೆ ಕುಳಿತಿದ್ದ ಇಲಿಗಳಿಗೆ ಆ ಕಸುವು ಬರಲಿಲ್ಲವೆಂಬುದೂ ಅದೇ ಲೇಖನದಲ್ಲಿದ್ದಿತು. ಆದರೆ ಗುಳಿಗೆಯಲ್ಲಿಯೇ ವ್ಯಾಯಾಮವಿದೆಯೆಂಬ ಸುದ್ದಿ ಲೋಕವೆಲ್ಲ ಹಬ್ಬಿದಾಗ ಈ ಮಾತು ಹಿಂದೆ ಬಿದ್ದಿತು. ವಿಶ್ವ ಉದ್ದೀಪನ ಮದ್ದು ತಡೆ ಘಟಕವು 2009ರಲ್ಲಿ ಇದನ್ನು ನಿಷೇಧಿಸಿ, 2013ರಲ್ಲಿ ಕ್ರೀಡಾಪಟುಗಳ ಆರೋಗ್ಯವನ್ನೇ ಕುರಿತು ವಿಶೇಷ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಹಾಗಿದ್ದರೂ ಸಂಶೋಧನೆಗೆ ಮಾತ್ರ, ಮನುಷ್ಯರ ಸೇವನೆಗಲ್ಲ ಎಂಬ ಚೀಟಿಯನ್ನು ಸೀಸೆಗೆ ಅಂಟಿಸಿ, ಸೇವಿಸುವವರಿಗೇ ಇದನ್ನು ಮಾರುವ ವ್ಯಾಪಾರ ನಿಂತಿಲ್ಲ.

ಇಲಿಗೆ ಬಂದ ಅರ್ಬುದ ಮನುಷ್ಯನಿಗೂ ಬಂದೀತೆಂದು ಸಿದ್ಧವಾಗಿಲ್ಲವೆಂದು ವಾದಿಸುವವರುಂಟು. ನಿಜ, ಆದರೆ ಬಾರದೆಂದೂ ಸಿದ್ಧವಾಗಿಲ್ಲ. ಅದನ್ನು ಸಿದ್ಧಪಡಿಸಬೇಕಾದರೆ ಆರೋಗ್ಯವಂತರನ್ನು ವರ್ಷಗಟ್ಟಲೆ ಆ ಅಪಾಯಕ್ಕೆ ಒಡ್ಡಬೇಕಾದೀತು. ಇದನ್ನು ಯಾವ ವೈದ್ಯಧರ್ಮವೂ ಒಪ್ಪದು. ವೈದ್ಯರು ಮಾಡಲೊಲ್ಲದ ಆ ಪ್ರಯೋಗವನ್ನು, ದಾಖಲೆಯಿಲ್ಲದೆ, ಮೇಲ್ವಿಚಾರಣೆಯಿಲ್ಲದೆ, ಕೆಡುಕಾದರೆ ಕೇಳುವವರಿಲ್ಲದೆ, ತರುಣರು ತಮ್ಮ ಮೈಯ ಮೇಲೆಯೇ ಮಾಡಿಕೊಳ್ಳುತ್ತಿರುವುದು ಶೋಚನೀಯ. ಹೊಸ ಔಷಧವನ್ನು ಕಂಡುಹಿಡಿದವರನ್ನು ಗೌರವಿಸುವ ನಾವು, ಲಾಭದ ಆಸೆಯನ್ನು ತೊರೆದು ಸಾಕೆಂದು ನಿಲ್ಲಿಸಿದ ನಿರ್ಧಾರವನ್ನೂ ಅಷ್ಟೇ ಗೌರವಿಸಬೇಕು. ಆ ನಿರ್ಧಾರದ ಕಾರಣವನ್ನು ತರಬೇತುದಾರರು ಶಿಷ್ಯರಿಗೆ, ತಂದೆತಾಯಿಗಳು ಮಕ್ಕಳಿಗೆ ಬಿಡಿಸಿ ಹೇಳಬೇಕು.